ಮೇಡಂ ಪಾಲು

ಆರನೆಯ ದಿನ ಬೆಳಿಗ್ಗೆ ಅವಳು ಕೆಲಸದ ಕೋಣೆಯ ಕಿಟಕಿ ತೆರೆದಳು. ಏಳು ವರ್ಷ ಮುಚ್ಚಿಯೇ ಇದ್ದ ಕಿಟಕಿ. ಸಂದುಸಂದಿಗೂ ಸ್ಪಂಜಿನ ಪಟ್ಟಿ ಅಂಟಿಸಿ, ಮೇಲೆ ದಪ್ಪ ಕಂಬಳಿ ಇಳಿಬಿಟ್ಟು, ಹೊರಗಿನ ಒಂದು ಸೈಕಲ್ ಬೆಲ್ಲಿನ ಸದ್ದೂ ಒಳಗೆ ಸುಳಿಯದ ಹಾಗೆ ಅವಳೇ ಮಾಡಿಕೊಂಡ ಏರ್ಪಾಡು ಅದು. ಯಾಕೆಂದರೆ ಅವಳ ಕಸುಬೇ ಕೇಳುವುದು. ಎಲ್ಲೆಲ್ಲಿಯೋ ಜನ ತಮ್ಮ ಸಭೆಗಳನ್ನು, ಭಾಷಣಗಳನ್ನು, ಸಂದರ್ಶನಗಳನ್ನು ರೆಕಾರ್ಡ್ ಮಾಡಿ ಕಳಿಸುತ್ತಾರೆ. ಐದು ಮನೆಗಳಲ್ಲಿ ಕೂತ ಐವರು ಹೆಂಗಸರು ಅದನ್ನು ಕೇಳಿ ಕೇಳಿ ಟೈಪು ಮಾಡುತ್ತಾರೆ. ಆಮೇಲೆ ಪ್ರತಿಯೊಂದು ಪುಟವೂ ಅವಳ ಕಿವಿಯನ್ನು ಹಾದೇ ಗಿರಾಕಿಗೆ ಹೋಗಬೇಕು. ಆಫೀಸು ಅಂತ ಒಂದಿದ್ದರೆ ಅದು ಫೋನಿನೊಳಗಿನ ಒಂದು ಗ್ರೂಪು, ಅಷ್ಟೇ. ಐವರಲ್ಲಿ ಒಬ್ಬರನ್ನೂ ಅವಳು ಕಣ್ಣಾರೆ ಕಂಡಿಲ್ಲ. ಆದರೆ ಯಾರು ಎಷ್ಟನೆಯ ಪುಟಕ್ಕೆ ಬರುವ ಹೊತ್ತಿಗೆ ದಣಿಯುತ್ತಾರೆ, ಯಾರ ಗಮನ ಎಲ್ಲಿ ತಪ್ಪುತ್ತದೆ, ಎಲ್ಲವೂ ಅವಳಿಗೆ ಗೊತ್ತು. ಗೊತ್ತು ಎಂದು ಅವಳು ತಿಳಿದಿದ್ದಳು. ಕಿಟಕಿ ತೆರೆದದ್ದೇ ತಡ, ಸದ್ದುಗಳೆಲ್ಲ ಸರದಿಯಲ್ಲಿ ಕಾದಿದ್ದವರಂತೆ ನುಗ್ಗಿದವು. ಎದುರು ಮನೆಯಲ್ಲಿ ಯಾರೋ ನೆಲದ ಮೇಲೆ ಬಕೆಟ್ಟು ಎಳೆದರು. ಕೆಳಗೆ ಒಬ್ಬ ಸ್ಟಾರ್ಟ್ ಆಗದ ಸ್ಕೂಟರನ್ನು ಎಂಟು ಸಲ ಒದ್ದ. ಎಂಟೂ ಸಲ ಅವಳು ಎಣಿಸಿದಳು. ಇವೆಲ್ಲದರ ಅಡಿಯಲ್ಲಿ, ಯಾರದೋ ಮನೆಯಲ್ಲಿ ಮಿಕ್ಸಿ ಹಾಕಿ ಮರೆತು ಹೊರಟುಹೋದಂಥ ಒಂದು ಸದ್ದು ಹಾಗೇ ಇತ್ತು. ಅದು ಹೊರಗಿನದಲ್ಲ, ಅವಳ ಬಲಗಿವಿಯದು.

"ನಿಮಗೆ ನಲವತ್ತೇಳು, ನಿಮ್ಮ ಕಿವಿಗೆ ಅರವತ್ತೇಳು," ಎಂದಿದ್ದರು ಕಿವಿಯ ಡಾಕ್ಟರು, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಳ್ಳುತ್ತ. "ಕಣ್ಣಿಗಾದ್ರೆ ರೆಪ್ಪೆ ಇದೆ ಕಣಮ್ಮ, ಸಾಕಾದಾಗ ತಾನೇ ಮುಚ್ಕೊಳ್ಳುತ್ತೆ. ಕಿವಿಗೆ ಏನಿದೆ? ನೀವೇ ಮುಚ್ಚಬೇಕು. ಹತ್ತು ದಿನ ಹೆಡ್‌ಫೋನ್ ಮುಟ್ಟಬೇಡಿ. ಈಗ ನಿಲ್ಲಿಸಿದ್ರೆ ಈ ಸದ್ದು ಇಳಿಬಹುದು. ಇಲ್ಲಾಂದ್ರೆ ಆ ಬಲಗಿವಿ ಪೂರ್ತಿ ಹೋದ್ಮೇಲೂ ಇದು ಮಾತ್ರ ನಿಮ್ಮ ಜೊತೆಗೇ ಇರುತ್ತೆ." ಅವಳು ಹೂಂ ಎಂದು ತಲೆಯಾಡಿಸಿದ್ದಳು. ತಲೆಯಾಡಿಸುವಾಗಲೇ ಮಡಿಲಲ್ಲಿದ್ದ ಬಲಗೈಯ ಬೆರಳು, ರೆಕಾರ್ಡಿಂಗನ್ನು ಮುಂದಕ್ಕೆ ಹಾರಿಸುವ, ಅಲ್ಲಿಲ್ಲದ ಒಂದು ಗುಂಡಿಯನ್ನು ಒತ್ತುತ್ತಿತ್ತು. ರೆಕಾರ್ಡಿಂಗುಗಳನ್ನೆಲ್ಲ ಅವಳು ಒಂದೂವರೆ ಪಟ್ಟು ವೇಗದಲ್ಲಿ ಕೇಳುವವಳು. ಹಾಗೆ ಕೇಳಿ ಕೇಳಿ ಜೀವಂತ ಜನರ ಮಾತು ಸಹಿಸಲಾಗದಂತಾಗಿತ್ತು. ಇವರೆಲ್ಲ ಯಾಕೆ ಇಷ್ಟು ನಿಧಾನ, ಒಂದು 'ಆಮೇಲೆ' ಅನ್ನುವುದಕ್ಕೆ ಇಷ್ಟು ಹೊತ್ತೇ! ಗಂಡ ಸಂಜೆ ಸ್ಕೂಲಿನ ಸುದ್ದಿ ಹೇಳಲು ಶುರುಮಾಡಿದರೆ ಅವನ ವಾಕ್ಯದ ಕೊನೆಯನ್ನು ಅವಳೇ ಹೇಳಿಬಿಡುತ್ತಿದ್ದಳು. ಸರಿಯಾಗಿಯೇ ಹೇಳುತ್ತಿದ್ದಳು ಅನ್ನಿ. ಅವನು ಸುದ್ದಿ ಹೇಳುವುದನ್ನು ಯಾವಾಗಲೋ ನಿಲ್ಲಿಸಿದ್ದ. ಯಾವಾಗ ಎನ್ನುವುದು ಅವಳಿಗೆ ತಿಳಿದಿರಲಿಲ್ಲ.

ಐವರಿಗೂ ವಿಷಯ ಹೇಳಬಹುದಿತ್ತು. 'ಹತ್ತು ದಿನ ನಾನು ಕೇಳುವುದಿಲ್ಲ' ಎಂದು ಗ್ರೂಪಿನಲ್ಲಿ ಬರೆದು ನಾಲ್ಕು ಸಲ ಅಳಿಸಿದ್ದಳು. ಅವಳ ಕಿವಿಯಿಲ್ಲದೆ ಕೆಲಸ ಕೆಟ್ಟರೆ ಏಳು ವರ್ಷ ಕಟ್ಟಿದ್ದು ಹೋಯಿತು. ಕೆಡದಿದ್ದರೆ? ಅದು ಇನ್ನೂ ಭಯಂಕರ. ಏನೂ ಆಗದೆ ಎಲ್ಲ ಸುಸೂತ್ರವಾಗಿ ನಡೆದುಬಿಟ್ಟರೆ ತಾನು ಇಲ್ಲಿ ಕೂತು ಮಾಡಿದ್ದೇನು? ಯೋಚಿಸಿ ಯೋಚಿಸಿ ತಲೆ ಮೊಸರು ಗಡಿಗೆಯಾಗಿ, ಕೊನೆಗೆ ಅವಳು ಯಾರೂ ಮಾಡಬಾರದ್ದನ್ನು ಮಾಡಿದಳು. ಫೈಲು ಬಂದ ಮೇಲೆ ಅದನ್ನು ಮೂರು ಗಂಟೆ ಸುಮ್ಮನೆ ಇಟ್ಟುಕೊಳ್ಳುವುದು, ಕೇಳುತ್ತಿರುವವಳ ಹಾಗೆ. ಆ ಮೂರು ಗಂಟೆಯಲ್ಲಿ ಗೋಡೆ ನೋಡುವುದು, ಉಗುರು ಕತ್ತರಿಸಿಕೊಳ್ಳುವುದು. ಆಮೇಲೆ ಫೈಲನ್ನು ಇದ್ದ ಹಾಗೇ ಗಿರಾಕಿಗೆ ಕಳಿಸಿ ಗ್ರೂಪಿನಲ್ಲಿ ಬರೆಯುವುದು: 'ಕೇಳಿದೆ. ಎರಡು ಕಡೆ ತಿದ್ದಿದ್ದೇನೆ. ಕಳಿಸಿದೆ.' ಎರಡೇ ಯಾಕೆ ಎಂದು ಅವಳು ಯೋಚಿಸಿಯೂ ಇರಲಿಲ್ಲ. ಈಚಿನ ಕೆಲವು ವರ್ಷ ಯಾವತ್ತೂ ಎರಡೇ. ಐದು ಮನೆಯಿಂದ ಯಾರೇ ಮಾಡಿ ಕಳಿಸಲಿ, ಎಷ್ಟೇ ಹುಷಾರಾಗಿ ಮಾಡಿರಲಿ, ಎರಡು ತಪ್ಪು ಅವಳ ಕೈಗೆ ಸಿಕ್ಕೇ ಸಿಗುತ್ತಿತ್ತು. ಎಲ್ಲೋ ವರ್ಷದಲ್ಲಿ ಕೆಲವು ಸಲ ಮೂರು. "ಅದಕ್ಕೇ ರೀ ನಾನಿರೋದು," ಎಂದು ಗಂಡನ ಮುಂದೆ ಎಷ್ಟು ಸಲ ಕೊಚ್ಚಿಕೊಂಡಿಲ್ಲ! ಈ ಆರು ದಿನದಲ್ಲಿ ಹೀಗೆ ಒಂಬತ್ತು ಫೈಲು ಹೋಗಿದ್ದವು. ಒಬ್ಬ ಗಿರಾಕಿಯೂ ಚಕಾರ ಎತ್ತಿರಲಿಲ್ಲ.

ಗಂಡ ಸ್ಕೂಲಿಗೆ ಹೊರಟವನು ಬಾಗಿಲಲ್ಲಿ ನಿಂತು, "ತಂತಿ ಮೇಲಿನ ಬಟ್ಟೆ ಸಂಜೆ ಬಂದು ನಾನೇ ಮಡಿಸ್ತೀನಿ, ನೀನು ಕೈ ಹಾಕಬೇಡ," ಎಂದ. ಮಡಿಸುತ್ತಾನೆ, ಮಹರಾಯ. ಪ್ರತಿ ಸಲವೂ ಅದರಲ್ಲಿ ಎರಡು ಅಂಗಿ ಒಳಮೈ ಹೊರಗಾಗಿರುತ್ತವೆ. ಹೇಳಿ ಹೇಳಿ ಅವಳಿಗೆ ಬಾಯಿ ನೋವು ಬಂದಿದೆ. ಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು, ಸ್ಕೇಲಿಲ್ಲದೆ ಹಲಗೆಯ ಈ ಕೊನೆಯಿಂದ ಆ ಕೊನೆಗೆ ಗೆರೆ ಎಳೆದರೆ ಕೂದಲಷ್ಟೂ ಸೊಟ್ಟಗಾಗುವುದಿಲ್ಲ. ಅಂಥವನಿಗೆ ಅಂಗಿಯ ಒಳಗು ಹೊರಗು ತಿಳಿಯುವುದಿಲ್ಲವೆಂದರೆ! ಅವಳು ಆ ಎರಡನ್ನು ತಿರುಗಿಸಿ, ಮಡಿಸಿ, ಒಂದು ಉಸಿರು ಬಿಟ್ಟು ಬೀರು ಮುಚ್ಚುವುದು ಮನೆಯ ರೂಢಿ.

ಹನ್ನೊಂದಕ್ಕೆ ಫೋನು ಬಂತು. ಜಡ್ಜರದು. ನಿವೃತ್ತರಾದ ಮೇಲೆ ಆತ್ಮಕಥೆ ಬರೆಯಲು ಕೂತವರು. ಬರೆಯುವುದೆಂದರೆ ಆರಾಮಕುರ್ಚಿಯಲ್ಲಿ ಒರಗಿ ಅಧ್ಯಾಯ ಅಧ್ಯಾಯವಾಗಿ ಮಾತಾಡಿ ರೆಕಾರ್ಡ್ ಮಾಡಿ ಕಳಿಸುವುದು, ಪಕ್ಕದಲ್ಲಿ ಕೂತ ಹೆಂಡತಿ ನಡುನಡುವೆ ಬಾಯಿ ಹಾಕುವುದು. ಐದು ಅಧ್ಯಾಯ ಮುಗಿದಿತ್ತು. ಆರನೆಯದು ಮೊನ್ನೆ ಹೋಗಿತ್ತು, ಹೋದ ಒಂಬತ್ತರಲ್ಲಿ ಒಂದಾಗಿ.

"ಏನಮ್ಮಾ, ಹುಷಾರಾಗಿದ್ದೀರಾ?"

"ಇದ್ದೀನಿ ಸರ್. ಹೇಳಿ."

"ಮೂರನೇ ಪುಟದಲ್ಲಿ ಒಂದೇ ಸಾಲು ಎರಡು ಸಲ ಬಂದಿದೆ. ಹೋಗ್ಲಿ. ಒಂಬತ್ತನೇ ಪುಟದಲ್ಲಿ ನಮ್ಮನೆಯವರ ಮಾತನ್ನ ತಂದು ನನ್ನ ಹೆಸರಿನ ಮುಂದೆ ಹಾಕಿದ್ದೀರಿ. 'ಇವರಿಗೆ ಮರೆವು ಜಾಸ್ತಿ, ಇವರು ಹೇಳಿದ್ದನ್ನೆಲ್ಲ ನಂಬಬೇಡಿ' ಅಂತ ನನ್ನ ಬಗ್ಗೆ ನಾನೇ ಹೇಳ್ಕೊಂಡ ಹಾಗಾಗಿದೆ."

ಹಿಂದಿನಿಂದ ಒಂದು ಹೆಣ್ಣು ದನಿ ನಕ್ಕಿತು. "ಸರಿಯಾಗೇ ಇದೆ, ತಿದ್ದಬೇಡಿ ಅನ್ನಿ ಅವರಿಗೆ!"

ಅವಳಿಗೆ ನಗು ಬರಲಿಲ್ಲ. ಕಿವಿಯ ತುದಿ ಬೆಚ್ಚಗಾಯಿತು. "ಕ್ಷಮಿಸಿ ಸರ್, ಈಗಲೇ ಸರಿಮಾಡಿ..."

"ಐದು ಅಧ್ಯಾಯದಲ್ಲಿ ಒಂದು ಕೂದಲೆಳೆ ತಪ್ಪು ಇರ್ಲಿಲ್ಲ. ಇದನ್ನ ನೀವು ಕೇಳಿಲ್ಲ. ಅಲ್ವಾ?"

ಬೇರೆ ಯಾರಾದರೂ ಆಗಿದ್ದರೆ ಇನ್ನೊಂದು ಮಾತು ಸೇರಿಸುತ್ತಿದ್ದರು. ಅವರು ಸೇರಿಸಲಿಲ್ಲ. ಕೋರ್ಟಿನಲ್ಲಿ ಇಂಥ ಮೌನವನ್ನು ಹಾಸಿಟ್ಟು ಎಷ್ಟು ಜನ ಅದರ ಮೇಲೆ ಕಾಲಿಡುವುದನ್ನು ಕಾದು ಕೂತಿದ್ದರೋ ಏನೋ. ಈ ಬಗೆಯ ಮೌನ ರೆಕಾರ್ಡಿಂಗಿನಲ್ಲಿ ಬಂದಾಗ ಅವಳು ಮುಂದಕ್ಕೆ ಹಾರಿಸುತ್ತಿದ್ದಳು. ಈಗ ಬೆರಳು ಸೀರೆಯ ಅಂಚನ್ನು ಒತ್ತಿತು, ಮತ್ತೆ ಒತ್ತಿತು. ಏನೂ ಮುಂದಕ್ಕೆ ಹೋಗಲಿಲ್ಲ.

"ಕೇಳಿದೀನಿ ಸರ್," ಎಂದಳು.

"ಸರಿ," ಎಂದರು ಜಡ್ಜರು. ಆ ಒಂದು ಶಬ್ದದಲ್ಲಿ ಸಿಟ್ಟು ಇರಲಿಲ್ಲ, ಅದೇ ಕೆಟ್ಟದ್ದು. "ಏಳನೇದು ಸಂಜೆ ಐದಕ್ಕೆ ಬೇಕಮ್ಮ. ಕೇಳದೇ ಇದ್ರೆ ಕೇಳಿಲ್ಲ ಅಂತ ಹೇಳಿ, ಅಷ್ಟೇ. ನಾನೇನು ಈಗ ಶಿಕ್ಷೆ ಕೊಡಲ್ಲ."

ಫೋನಿಟ್ಟ ಮೇಲೂ ಅವಳು ಅದನ್ನು ಎಡಗಿವಿಗೆ ಹಿಡಿದೇ ನಿಂತಿದ್ದಳು. ಚಿಕ್ಕವಳಿದ್ದಾಗ ಮಾಡದ ಮನೆಪಾಠವನ್ನು ಮಾಡಿದ್ದೇನೆಂದು ಖಾಲಿ ಪುಸ್ತಕ ಎದೆಗವಚಿಕೊಂಡು ಒಮ್ಮೆ ಹೀಗೇ ನಿಂತಿದ್ದಳು. ಟೀಚರು ಪುಸ್ತಕ ತೆರೆಯಲಿಲ್ಲ, ಸುಮ್ಮನೆ ಅವಳ ಮುಖ ನೋಡಿ ಮುಂದಿನವಳ ಕಡೆ ಹೋಗಿದ್ದರು. ಅವಳು ಫೈಲು ತೆರೆದು ಮೂರನೆಯ ಪುಟ ನೋಡಿದಳು. ಒಂದರ ಕೆಳಗೊಂದು ಅದೇ ಸಾಲು, ಅವಳಿ ಮಕ್ಕಳ ಹಾಗೆ. ಇದನ್ನು ಹಿಡಿಯಲು ಕಿವಿಯೂ ಬೇಕಿರಲಿಲ್ಲ, ಒಮ್ಮೆ ಕಣ್ಣಾಡಿಸಿದ್ದರೆ ಸಾಕಿತ್ತು. ಮೈ ಉರಿದುಹೋಯಿತು. ಉರಿ ತನ್ನ ಮೇಲೆ ನಿಂತಿದ್ದರೆ ಮರ್ಯಾದೆ, ಆದರೆ ನಿಲ್ಲಬೇಕಲ್ಲ. ಫೈಲು ಮಾಡಿದವಳು ಯಾರು? ದೊಡ್ಡಕ್ಕ! ಐವರಲ್ಲಿ ಹಿರಿಯಳು, ಐವತ್ತೊಂಬತ್ತು ವಯಸ್ಸು, ಒಂದು ಕಾಲದಲ್ಲಿ ಟೈಪಿಂಗ್ ಶಾಲೆಯಲ್ಲಿ ಪಾಠ ಹೇಳಿದವಳು. ಉಳಿದವರೆಲ್ಲ ದೊಡ್ಡಕ್ಕ, ದೊಡ್ಡಕ್ಕ ಎಂದು ಅವಳ ಸುತ್ತ ಕೂತವರ ಹಾಗೆಯೇ ಗ್ರೂಪಿನಲ್ಲಿ ಇರುತ್ತಾರೆ. ಅವಳೇ ಹೀಗೆ ಮಾಡಿದರೆ?

"ಒಂದೇ ಸಾಲನ್ನ ಎರಡು ಸಲ ಟೈಪ್ ಮಾಡೋ ಹಾಗೆ ಏನಾಗಿತ್ತು ದೊಡ್ಡಕ್ಕ ನಿಮಗೆ?" ಹಲೋ ಕೂಡ ಹೇಳಲಿಲ್ಲ.

ಆ ಕಡೆ ಪಾತ್ರೆಯ ಮೇಲೆ ಮುಚ್ಚಳ ಇಟ್ಟ ಸದ್ದು. "ಜಡ್ಜರ ಫೈಲಾ ಮೇಡಂ? ಅದನ್ನ ನೀವು ತಿದ್ದಿದ್ರಲ್ಲ?"

"ಏನು?"

"ಎರಡು ಕಡೆ ತಿದ್ದಿದ್ದೀನಿ ಅಂತ ಹಾಕಿದ್ರಿ. ಮೂರನೇ ಪುಟದ್ದು, ಒಂಬತ್ತನೇ ಪುಟದ್ದು, ಎರಡೂ ಸಿಕ್ತು ಅಂದ್ಕೊಂಡೆ."

ಅವಳು ಕುರ್ಚಿ ಎಳೆದುಕೊಂಡು ಕೂತಳು. "ನಿಮಗೆ ಮೊದ್ಲೇ ಗೊತ್ತಿತ್ತಾ ಅಲ್ಲಿ ತಪ್ಪಿದೆ ಅಂತ?"

ದೊಡ್ಡಕ್ಕ, ಹಲ್ಲು ಕೀಳಿಸಿಕೊಳ್ಳಲು ಬಾಯಿ ತೆರೆದವರ ಹಾಗೆ, "ನಾನೇ ಇಟ್ಟಿದ್ದು ಮೇಡಂ," ಎಂದಳು. "ಪೂರ್ತಿ ಕೇಳಿ, ಆಮೇಲೆ ಬೇಕಾದಷ್ಟು ಬೈಯಿರಿ. ನಾಲ್ಕು ವರ್ಷದ ಕೆಳಗೆ ನಾನೊಂದು ಫೈಲ್ ಕಳಿಸಿದ್ದೆ, ನೆನಪಿದ್ಯಾ, ಆ ನದಿ ನೀರಿನ ಸಮಿತಿಯದು? ಅದ್ರಲ್ಲಿ ಒಂದೇ ಒಂದು ತಪ್ಪು ಇರ್ಲಿಲ್ಲ. ನೀವು ಎರಡು ದಿನ ಅದನ್ನ ಬಿಡ್ಲಿಲ್ಲ. ಮೂರು ಸಲ ಕೇಳಿದ್ರಿ. 'ಏನೋ ತಪ್ಪಿದೆ ದೊಡ್ಡಕ್ಕ, ನನಗೆ ಸಿಕ್ತಾ ಇಲ್ಲ' ಅಂತ ಬೆಳಿಗ್ಗೆ ಫೋನ್ ಮಾಡಿದ್ರಿ. ನಿಮ್ಮ ದನಿ ಕೇಳಿ ನನಗೆ ಅಳು ಬಂದಿತ್ತು. ಮುಂದಿನ ಸಲ ನಾನೇ ಎರಡು ತಪ್ಪು ಇಟ್ಟೆ, ಸುಲಭಕ್ಕೆ ಸಿಗೋ ಹಾಗೆ. ನೀವು ಒಂದೇ ಸಲ ಕೇಳಿ, ಹಿಡಿದು, ಸಮಾಧಾನವಾಗಿ ಕಳಿಸಿದ್ರಿ. ಆಮೇಲೆ ಉಳಿದವರಿಗೂ ಹೇಳಿದೆ. ಹೊಸಬರು ಬಂದ್ರೆ ಮೊದಲನೇ ಪಾಠವೇ ಅದು. ಮೇಡಂ ಪಾಲು ಅಂತೀವಿ."

"ಮೇಡಂ ಪಾಲು," ಎಂದಳು ಅವಳು.

"ಹೂಂ. ಎಲ್ಲ ಮುಗಿದ ಮೇಲೆ, 'ಮೇಡಂ ಪಾಲು ಇಟ್ಟಾಯ್ತಾ?' ಅಂತ ಕೇಳ್ಕೋತೀವಿ."

"ಮೂರು ಹಿಡಿದ ದಿನ?"

"ಮೂರನೇದು ನಿಜವಾದ್ದು. ಅವತ್ತು ನಾವೆಲ್ಲ ನಾಚಿಕೆಯಿಂದ ಸಾಯ್ತಿದ್ವಿ. ಹೋದ ವರ್ಷ ಪೂರ್ತಿ ನಾಲ್ಕು."

ನಾಲ್ಕು. ವರ್ಷಪೂರ್ತಿ ಕಿಟಕಿ ಮುಚ್ಚಿಕೊಂಡು ಕೂತು ಹಿಡಿದದ್ದು ನಾಲ್ಕು. ಉಳಿದದ್ದೆಲ್ಲ ಮುನಿಸಿಕೊಂಡ ಮಗುವಿನ ಮುಂದೆ ಬೇಕೆಂದೇ ಸೋಲುವ ಆಟ. ಬೈಗುಳ ನಾಲಗೆಯ ತುದಿಯಲ್ಲೇ ಇತ್ತು, ಆದರೆ ಅದರ ಹಿಂದಿನಿಂದ ಬೇರೇನೋ ತಳ್ಳಿಕೊಂಡು ಬಂದು ಮೊದಲು ಹೊರಬಿತ್ತು. "ನಾನು ಅದನ್ನ ಕೇಳಿರ್ಲಿಲ್ಲ ದೊಡ್ಡಕ್ಕ. ಆರು ದಿನದಿಂದ ಯಾವುದನ್ನೂ ಕೇಳಿಲ್ಲ." ಕಿವಿಯ ವಿಷಯ, ಡಾಕ್ಟರು ಹೇಳಿದ್ದು, ಮೂರು ಗಂಟೆ ಗೋಡೆ ನೋಡಿದ್ದು, ಎಲ್ಲ ಹೇಳಿದಳು.

"ಅಯ್ಯೋ ನನ್ನ ತಾಯಿ!" ದೊಡ್ಡಕ್ಕನ ದನಿ ಒಮ್ಮೆಗೇ ಮೇಡಂ ಎನ್ನುವುದನ್ನು ಮರೆಯಿತು. "ಹೇಳೋಕೇನಾಗಿತ್ತು ನಿಮಗೆ?"

"ನಿಮಗೇನಾಗಿತ್ತು?"

ದೊಡ್ಡಕ್ಕ, "ಹಾಗಾದ್ರೆ ಒಂಬತ್ತು ಫೈಲೂ ಪಾಲಿನ ಸಮೇತ ಹೋಯ್ತಾ?" ಎಂದು ಕೇಳಿ, ಕೇಳಿದವಳೇ ನಕ್ಕುಬಿಟ್ಟಳು. ತಡೆದುಕೊಳ್ಳಲಾಗದೆ ನಕ್ಕು, ತಕ್ಷಣ ತಪ್ಪಾಯಿತು ಎಂದಳು. "ಒಂದು ಗಂಟೆ ಕೊಡಿ. ಎಲ್ಲೆಲ್ಲಿ ಇಟ್ಟಿದ್ದೀವಿ ಅಂತ ನಮಗೆ ಗೊತ್ತಲ್ಲ."

ಹನ್ನೆರಡೂವರೆಗೆ ಒಂಬತ್ತೂ ಸರಿಯಾಗಿ ವಾಪಸು ಬಂದವು. ಕ್ಷಮಾಪಣೆಯ ಒಂದು ಸಾಲು ಸೇರಿಸಿ ಅವಳು ಗಿರಾಕಿಗಳಿಗೆ ಕಳಿಸಿದಳು. ಕಲಸಿದ ಅನ್ನವನ್ನು ತಟ್ಟೆಯಲ್ಲೇ ಬಿಟ್ಟಳು. ಚಪ್ಪಲಿ ಮೆಟ್ಟಿ ರಸ್ತೆಗಿಳಿದಳು, ಎಲ್ಲಿಗೆ ಎಂದು ಗೊತ್ತಿಲ್ಲದೆ. ಮೂಲೆಯಲ್ಲಿ ಬೀಗ ರಿಪೇರಿಯವನು ಒಂದು ಕೀಲಿಯನ್ನು ಉಜ್ಜಿ, ಬೀಗದೊಳಗಿಟ್ಟು ತಿರುಗಿಸಿ ನೋಡಿ, ತೆಗೆದು ಮತ್ತೆ ಉಜ್ಜುತ್ತಿದ್ದ. ಅವನ ಹತ್ತಿರ ಯಾರೂ ಬೇಕೆಂದೇ ಕೆಡಿಸಿದ ಬೀಗ ತಂದಿಡುವುದಿಲ್ಲ. ಐವರಲ್ಲಿ ಒಬ್ಬಳು ಒಮ್ಮೆ, 'ಮಗುಗೆ ಜ್ವರ ಮೇಡಂ, ಸ್ವಲ್ಪ ತಡ ಆಗುತ್ತೆ' ಎಂದು ಬರೆದಿದ್ದಳು. ಆವತ್ತಿನ ಅವಳ ಫೈಲಿನಲ್ಲೂ ಎರಡು ತಪ್ಪು ಸಿಕ್ಕಿದ್ದವು. ಅದಕ್ಕೆ ಇವಳು ಗ್ರೂಪಿನಲ್ಲಿ, ಎಲ್ಲರ ಎದುರು, ಬರೆದಿದ್ದಳು: 'ಜ್ವರ ಮಗುವಿಗೆ ತಾನೇ, ಬೆರಳಿಗಲ್ಲವಲ್ಲ.' ಎಷ್ಟು ಚುರುಕಾದ ಮಾತು ಎಂದು ಆಗ ಒಳಗೊಳಗೇ ಅನ್ನಿಸಿತ್ತು ಕೂಡ. 'ಸಾರಿ ಮೇಡಂ' ಎಂದು ಉತ್ತರ ಬಂದಿತ್ತು. ಕಾದ ಹಣೆಯ ಮೇಲೆ ಒಂದು ಕೈ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಆ ತಾಯಿ ಎಲ್ಲವನ್ನೂ ಸರಿಯಾಗಿ ಮಾಡಿ ಮುಗಿಸಿ, ಆಮೇಲೆ ನೆನಪು ಮಾಡಿಕೊಂಡು ಎರಡು ತಪ್ಪು ಹುಡುಕಿ ಇಟ್ಟಿದ್ದಳು. ಮೇಡಂಗೆ ನೆಮ್ಮದಿಯಾಗಲಿ ಎಂದು. ಅವಳು ರಸ್ತೆಯ ನಡುವೆ ನಿಂತುಬಿಟ್ಟಳು. ಹಿಂದಿನಿಂದ ಬಂದ ಆಟೋದವನು ಹಾರ್ನು ಹೊಡೆದ. ಬಲಕ್ಕೋ ಎಡಕ್ಕೋ ತಿಳಿಯದೆ ತಡವರಿಸಿದಳು. "ಕಿವಿ ಕೇಳಲ್ವೇನಮ್ಮಾ?" ಎಂದು ಅವನು ಕೂಗಿಕೊಂಡು ಹೋದ. ನಾಚಿಕೆ, ಸಿಟ್ಟು, ಅವಮಾನ ಎಲ್ಲ ಒಟ್ಟಿಗೇ ಬಂದು ಒಂದರ ಕಾಲಿಗೊಂದು ತೊಡರಿಕೊಂಡವು. ತಪ್ಪುಗಳು ಸುಳ್ಳು, ತಿದ್ದಿದ್ದು ಸುಳ್ಳು, ಈ ಆರು ದಿನವಂತೂ ಶುದ್ಧ ಸುಳ್ಳು. ದಣಿವು ಮಾತ್ರ ನಿಜ. ಅದನ್ನು ಯಾರೂ ಇಟ್ಟುಹೋಗಿರಲಿಲ್ಲ.

ಮೂರು ಗಂಟೆಗೆ ದೊಡ್ಡಕ್ಕ ಏಳನೆಯ ಅಧ್ಯಾಯ ಕಳಿಸಿದಳು. ಕೆಳಗೆ ಒಂದು ಸಾಲು: 'ಎರಡು ಸಲ ಕೇಳಿದ್ದೇನೆ. ಇದರಲ್ಲಿ ಮೇಡಂ ಪಾಲು ಇಲ್ಲ.'

ಅಡುಗೆಮನೆಯ ಮೇಲಿನ ಹಲಗೆಯ ಸ್ಟೀಲ್ ಡಬ್ಬಿಯಲ್ಲಿ ಹೆಡ್‌ಫೋನ್ ಇತ್ತು. ಗಂಡನ ಕೈಗೆ ಕೊಟ್ಟು ಎಲ್ಲಾದರೂ ಬಚ್ಚಿಡಿ ಎಂದಿದ್ದಳು. ಅವನು ಏನನ್ನೇ ಬಚ್ಚಿಟ್ಟರೂ ಅಲ್ಲೇ. ಸ್ಟೂಲು ಹತ್ತಿ ಇಳಿಸಿ, ತಂದು ಮೇಜಿನ ಮೇಲಿಟ್ಟಳು. ಸ್ಪಂಜು ಅವಳ ಕಿವಿಯ ಆಕಾರಕ್ಕೇ ತಗ್ಗಾಗಿತ್ತು. ಒಂಬತ್ತನೆಯ ಪುಟ ಒಂದನ್ನೇ ಕೇಳಿದರೆ ಏನಾಗುತ್ತದೆ? ಹತ್ತು ನಿಮಿಷ. ಡಾಕ್ಟರೇನು ಇಲ್ಲಿ ಬಂದು ಕೂತಿಲ್ಲ. ಇವತ್ತೇ ದೊಡ್ಡಕ್ಕನ ನಿಜವಾದ ತಪ್ಪು ಒಂದು ಉಳಿದುಹೋಗಿದ್ದರೆ? ವರ್ಷಕ್ಕೆ ನಾಲ್ಕರಲ್ಲಿ ಒಂದು ಇದೇ ಆಗಿದ್ದರೆ? ಜಡ್ಜರು ಇನ್ನೊಂದು ಸಲ 'ಸರಿ' ಎಂದರೆ ತಾನು ತಡೆದುಕೊಳ್ಳಲಾರೆ. ವೈರು ಸಿಕ್ಕಿಸದೆ, ಸುಮ್ಮನೆ, ಹಾಕಿಕೊಂಡು ನೋಡಿದಳು. ಹೊರಗಿನ ಬಕೆಟ್ಟು, ಸ್ಕೂಟರು, ಬೀಗದವನು ಎಲ್ಲ ಮಾಯ. ಒಳಗಿನ ಮಿಕ್ಸಿ ಮಾತ್ರ ಗರಗರನೆ ಮೇಲೆದ್ದು ತಲೆಯನ್ನೆಲ್ಲ ತುಂಬಿತು. ಇಷ್ಟು ದಿನ ಬೇರೆಯವರ ಮಾತಿನಡಿ ಇದನ್ನು ಮುಚ್ಚಿಟ್ಟಿದ್ದಳು, ಹಾಗಾದರೆ. ಹೆದರಿಕೆಯಾಯಿತು. ಹೆದರಿದರೂ ತೆಗೆಯಲು ಕೈ ಬರಲಿಲ್ಲ. ತೆಗೆದರೆ ತನ್ನ ಪಾಲಿಗೆ ಮಾಡಲು ಏನೂ ಉಳಿಯುವುದಿಲ್ಲವಲ್ಲ ಎನ್ನಿಸಿ ಹಾಗೇ ಕೂತಿದ್ದಳು, ಗಡಿಯಾರದ ಮುಳ್ಳು ಐದಕ್ಕೆ ಹತ್ತು ನಿಮಿಷ ಇದೆ ಎನ್ನುವವರೆಗೆ.

ಆಮೇಲೆ ತೆಗೆದಿಟ್ಟು ಬರೆದಳು: 'ಸರ್, ಈ ಅಧ್ಯಾಯವನ್ನು ನಾನು ಕೇಳಿಲ್ಲ. ಆರನೆಯದನ್ನೂ ಕೇಳಿರಲಿಲ್ಲ, ನಿಮಗೆ ಸುಳ್ಳು ಹೇಳಿದೆ. ನನ್ನ ಕಿವಿಗೆ ವಿಶ್ರಾಂತಿ ಬೇಕಾಗಿದೆ. ಇದನ್ನು ಟೈಪು ಮಾಡಿದವರೇ ಎರಡು ಸಲ ಕೇಳಿದ್ದಾರೆ. ಅವರ ಕಿವಿ ಚೆನ್ನಾಗಿದೆ.' ಕಳಿಸುವ ಗುಂಡಿಯ ಮೇಲೆ ಬೆರಳು ಎಷ್ಟು ಹೊತ್ತು ನಿಂತಿತೋ. ಒತ್ತಿದಳು. ಅದೇ ಸಾಲುಗಳನ್ನು ಗ್ರೂಪಿಗೂ ಹಾಕಿದಳು. ಜ್ವರದ ಮಗುವಿನ ತಾಯಿಗೆ ಬೇರೆಯಾಗಿ ಬರೆದದ್ದು ಇಲ್ಲಿ ಬೇಡ. ಐದೂ ಐದಕ್ಕೆ ಜಡ್ಜರ ಉತ್ತರ ಬಂತು, ಒಂದೇ ಶಬ್ದ: 'ಒಪ್ಪಿದೆ.'

ಗಂಡ ಬಂದು, ಕೈಕಾಲು ತೊಳೆದು, ತಂತಿಯ ಬಟ್ಟೆಯನ್ನೆಲ್ಲ ತಂದು ಹಾಸಿಗೆಯ ಮೇಲೆ ರಾಶಿ ಹಾಕಿ ಮಡಿಸಲು ಕೂತ. ಅವಳು ಎದುರಿಗೆ ಕೂತು ದಿನದ ಕಥೆಯನ್ನೆಲ್ಲ ಹೇಳಿದಳು. ಕೇಳಿ ಬಿದ್ದು ಬಿದ್ದು ನಗುತ್ತಾನೆ ಎಂದುಕೊಂಡಿದ್ದಳು. ನಗುವುದಕ್ಕೆ ಸಿದ್ಧಳೂ ಆಗಿದ್ದಳು. ಅವನು ನಗಲಿಲ್ಲ. ಮೇಡಂ ಪಾಲು ಎನ್ನುವಲ್ಲಿಗೆ ಬಂದಾಗ ಅವನ ಕೈ ಒಂದು ಟವೆಲಿನ ಮೇಲೆ ನಿಂತುಹೋಯಿತು, ಆಮೇಲೆ ಬೇಗ ಬೇಗ ಮಡಿಸತೊಡಗಿತು. ಅವಳು ಮಡಿಸಿಟ್ಟ ರಾಶಿಯನ್ನು ನೋಡಿದಳು. ಅಂಚಿಗೆ ಅಂಚು ಕೂಡಿಸಿ, ಗೆರೆ ಹೊಡೆದಂತೆ ಜೋಡಿಸಿದ ಬಟ್ಟೆ. ನಡುವೆ ಎರಡು ಅಂಗಿ, ಒಳಮೈ ಹೊರಗಾಗಿ.

"ರೀ," ಎಂದಳು. "ಇದು?"

ಅವನು ಟವೆಲಿನ ತುದಿಯನ್ನು ನೀವುತ್ತ ಕೂತ. "ಮೊದಮೊದಲು ಮರೆತೇ ಹಾಗಾಗ್ತಿತ್ತು," ಎಂದ. ನಿಂತ. ಅವಳು ಅವನ ವಾಕ್ಯವನ್ನು ಮುಗಿಸುತ್ತಾಳೆಂದು ಕಾದ. ಅವಳು ಮುಗಿಸಲಿಲ್ಲ. ಅವನೇ ಹುಡುಕಿಕೊಂಡು ಹೇಳಬೇಕಾಯಿತು. "ಆಮೇಲೆ ನೋಡಿದೆ. ಎರಡು ಸಿಕ್ಕಿದ್ರೆ ನೀನು ಉಳಿದದ್ದನ್ನ ಬಿಚ್ಚಿ ಮತ್ತೆ ಮಡಿಸ್ತಿರ್ಲಿಲ್ಲ. ಹೋಗಿ ಮಲಗ್ತಿದ್ದೆ."

"ಎಷ್ಟು ವರ್ಷದಿಂದ?"

"ನೀನು ಆ ಕಿಟಕಿ ಮುಚ್ಚಿದೆಯಲ್ಲ, ಅವಾಗಿಂದ."

ಅಳು ಬಂತು. ತಡೆಯಲು ನೋಡದೆ ಅತ್ತಳು, ಮೂಗು ಸುರಿಯುವಂತೆ, ಚಿಕ್ಕ ಮಕ್ಕಳ ಹಾಗೆ. ಅವನು ಗಾಬರಿಯಾಗಿ ಆ ಎರಡು ಅಂಗಿಗಳನ್ನು ಎಳೆದು ತಿರುಗಿಸಲು ಹೋದ. ಅವಳು ಅವನ ಕೈ ಹಿಡಿದುಕೊಂಡಳು. "ಇರ್ಲಿ ಬಿಡ್ರೀ," ಎಂದಳು. ರಾಶಿಯನ್ನು ಇದ್ದ ಹಾಗೇ ಎತ್ತಿ, ಬೀರುವಿನಲ್ಲಿಟ್ಟು, ಬಾಗಿಲು ಮುಚ್ಚಿದಳು. ಮುಚ್ಚಿದ ಕೈ ತಾನಾಗಿಯೇ ಮತ್ತೆ ಬಾಗಿಲ ಹಿಡಿಯ ಮೇಲೆ ಹೋಯಿತು. ಆ ಕೈಯನ್ನು ಎಳೆದುಕೊಂಡು ಬಂದು, ಅದನ್ನು ಅಡಿಗಿಟ್ಟುಕೊಂಡು ಹಾಸಿಗೆಯ ಮೇಲೆ ಕೂತಳು. ಬಲಗಿವಿಯಲ್ಲಿ ಮಿಕ್ಸಿ ಓಡುತ್ತಲೇ ಇತ್ತು. ಅವನು ಆ ಮಗ್ಗುಲಲ್ಲೇ ಇದ್ದ. ಅವಳು ಎದ್ದು, ಅವನ ಮಾತು ಎಡಗಿವಿಗೆ ಬೀಳುವ ಹಾಗೆ ಜಾಗ ಬದಲಿಸಿ, ಮತ್ತೆ ಕೈಯ ಮೇಲೆ ಕೂತಳು.

"ಸ್ಕೂಲಲ್ಲಿ ಇವತ್ತೇನಾಯ್ತು, ಹೇಳಿ," ಎಂದಳು.

ಅವನು ಅವಳ ಮುಖ ನೋಡಿದ. ಆಮೇಲೆ ನಿಧಾನವಾಗಿ, ಬೆಳಗಿನ ಗಂಟೆ ಹೊಡೆದಲ್ಲಿಂದ ಶುರು ಮಾಡಿದ.